ಸತ್ತ ಹುಳ ಕಾಯುವ ಬಗೆ

ಜೈನಾಪುರದಲ್ಲಿ ನಮ್ಮ ಮನೆತನಕ್ಕೆ ಸೇರಿದ ಒಂದು ಎರೆಹೊಲವಿದೆ. ಕಾಗದಪತ್ರಗಳಲ್ಲಿ ಅದಕ್ಕೊಂದು ಸರ್ವೇ ನಂಬರು. ಮನೆಯವರ ಬಾಯಲ್ಲಿ ಮಾತ್ರ ಅದು 'ಗುಡಿಸಲ ಹೊಲ'. ಈಗ ಅಲ್ಲಿ ಗುಡಿಸಲಿಲ್ಲ. ಬದುವಿನ ಮೇಲೆ ಮುದಿ ಬೇವಿನ ಮರವೊಂದಿದೆ. ಅದರ ಬುಡದಲ್ಲಿ ಒಂದು ಕಾಲಕ್ಕೆ ಒಲೆಗುಂಡುಗಳಾಗಿದ್ದ ಮೂರು ಕಲ್ಲುಗಳಿವೆ. ಹಿಂಗಾರಿ ಜೋಳ ಮೊಳಕಾಲೆತ್ತರ ನಿಂತ ಒಂದು ಸಂಜೆ, ಆ ಕಲ್ಲುಗಳಲ್ಲೊಂದರ ಮೇಲೆ ಕುಳಿತು, ನನ್ನ ಮುತ್ಯಾ ನನಗೆ ಆ ಹೆಸರಿನ ಕಥೆಯನ್ನು ಹೇಳಿದ.

ಪ್ಲೇಗಿನ ಕಥೆ ಅದು. ಮನೆಯ ಜಂತಿಯಿಂದ ಇಲಿ ಸತ್ತು ಬಿದ್ದಿತೆಂದರೆ ಊರಿಗೆ ಊರೇ ಮನೆಗಳ ಕದವಿಕ್ಕಿ ಹೊಲದ ಪಾಲಾಗುತ್ತಿತ್ತು. ಕಣಿಕೆಯ ಗೋಡೆ, ಕಣಿಕೆಯ ಮಾಡು. ಮುತ್ಯಾ ಆಗ ಚಿಕ್ಕ ಹುಡುಗ. ಅವನ ಕಾಕಾ ಹುಬ್ಬಳ್ಳಿಯಲ್ಲಿ ಅರಳೆಯ ಅಂಡಿಗೆ ಹೊರುವ ಕೂಲಿಗೆ ಹೋಗಿದ್ದವನು, 1898ರಲ್ಲಿ ಅಲ್ಲಿಯೇ ಸೂಜಿ ಚುಚ್ಚಿಸಿಕೊಂಡು, ಎರಡು ದಿನ ಜ್ವರದಲ್ಲಿ ನರಳಿ, ಮೂರನೆಯ ದಿನ ಎದ್ದು ಕೂತಿದ್ದನಂತೆ. ಊರಿಗೆ ಬಂದಾಗ ಜನ ಅವನನ್ನು ಹತ್ತಿರ ಸೇರಿಸಲಿಲ್ಲ. "ಬ್ಯಾನಿನ್ನ ಮೈಯಾಗ ಹಾಕಿಸಿಕೊಂಡು ಬಂದಾನ" ಎಂಬುದು ಅವನ ಮೇಲಿನ ದೂರು. ಮುತ್ಯಾನ ತಂದೆಯಂತೂ ಸೂಜಿಯ ಹೆಸರೆತ್ತಿದರೆ ಉರಿದು ಬೀಳುವವನು. ಮುಂದೆ ಕೆಲವು ವರ್ಷಗಳಿಗೆ ಬ್ಯಾನಿ ಮತ್ತೊಮ್ಮೆ ಬಂದಾಗ ಕಾಕಾ ಉಳಿದ. ಅಪ್ಪ ಇದೇ ಗುಡಿಸಲಿನಲ್ಲಿ ತೊಡೆಸಂದಿಯ ಗಂಟು ಹಿಡಿದುಕೊಂಡು ನಾಲ್ಕು ದಿನದಲ್ಲಿ ತೀರಿಹೋದ.

ಕಥೆ ಮುಗಿಸಿ ಮುತ್ಯಾ ನನ್ನನ್ನು ಕೇಳಿದ: "ನೀ ವಿಜಾಪುರದಾಗ ವಿಜ್ಞಾನ ಓದತಿ. ಹೇಳು ನೋಡೋಣ. ಆ ಸೂಜ್ಯಾಗ ಇದ್ದದ್ದು ಸತ್ತ ಹುಳ ಅಂತ. ಸತ್ತದ್ದು ಸತ್ತಂಗ. ಅದು ಬದುಕಿದಾವನ್ನ ಹ್ಯಾಂಗ ಕಾಯ್ತದ?"

ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿಯ ಬಳಿ ಉತ್ತರವಿರಲಿಲ್ಲ. 'ರೋಗನಿರೋಧಶಕ್ತಿ' ಎಂದೆ. ಹೆಸರು ಹೇಳಿದರೆ ಉತ್ತರ ಹೇಳಿದಂತಾಯಿತೇ ಎಂಬಂತೆ ಅವನು ನನ್ನನ್ನು ನೋಡಿದ. ಆ ನೋಟದ ಸಾಲವನ್ನು ತೀರಿಸಲು ನಾನು ಓದಿಕೊಂಡದ್ದರಲ್ಲಿ ಕೆಲವನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಮೊದಲು ಒಂದು ಮಾತು. ಕಾಕಾ ಉಳಿದ, ಅಪ್ಪ ಹೋದ ಎಂಬುದರಿಂದ ಯಾವುದೂ ಸಿದ್ಧವಾಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಉಳಿಯುವುದು ದೈವಯೋಗವೂ ಆಗಿರಬಹುದು. ಸೂಜಿಯನ್ನು ಕಂಡುಹಿಡಿದ ವಾಲ್ಡೆಮಾರ್ ಹಾಫ್‌ಕಿನ್ ಇದನ್ನು ಚೆನ್ನಾಗಿ ಬಲ್ಲವನು. ಅವನು ಒಡೆಸ್ಸಾ ನಗರದಲ್ಲಿ 1860ರಲ್ಲಿ ಹುಟ್ಟಿದ ಯೆಹೂದಿ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿ, 1893ರಲ್ಲಿ ಕಾಲರಾ ಲಸಿಕೆಯೊಂದಿಗೆ ಹಿಂದೂಸ್ಥಾನಕ್ಕೆ ಬಂದಿದ್ದ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸರ್ಕಾರ ಅವನನ್ನು ಕರೆಸಿತು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ದುಡಿದು, 1897ರ ಜನವರಿ 10ರಂದು ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಅದೇ ತಿಂಗಳ ಕೊನೆಗೆ ಬೈಕುಲಾ ಜೈಲಿನಲ್ಲಿ ಪ್ಲೇಗು ಹೊಕ್ಕಿತು. ಒಪ್ಪಿದ ಕೈದಿಗಳಿಗೆ, ಎಂದರೆ ಸುಮಾರು ಅರ್ಧ ಮಂದಿಗೆ, ಸೂಜಿ ಹಾಕಲಾಯಿತು. ಒಂದೇ ಗೋಡೆಯೊಳಗೆ, ಒಂದೇ ಕೂಳು ತಿಂದು, ಒಂದೇ ಗಾಳಿ ಕುಡಿದವರಲ್ಲಿ ಸೂಜಿಯಿಲ್ಲದ 12 ಮಂದಿಗೆ ರೋಗ ಬಂದು 6 ಮಂದಿ ಸತ್ತರು. ಸೂಜಿ ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಮಾತ್ರ ರೋಗ ಬಂದಿತು, ಯಾರೂ ಸಾಯಲಿಲ್ಲ. ಹೋಲಿಕೆ ಎಂದರೆ ಇದು.

ನಮ್ಮ ಕಡೆಗೆ ಈ ಸೂಜಿ ಬಂದದ್ದು ರೋಗದ ಬೆನ್ನ ಹಿಂದೆಯೇ. ಆಗ ವಿಜಾಪುರ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದವು. ಹೋಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಹೋಗುವ ರೈಲುದಾರಿ 1884ರಲ್ಲಿಯೇ ಆಗಿತ್ತು. ಕಾಳಿನ ಚೀಲದೊಳಗಿನ ಇಲಿ, ಇಲಿಯ ಕೂದಲೊಳಗಿನ ಚಿಗಟ ಇವಕ್ಕೆ ಟಿಕೀಟು ಕೇಳುವವರಾರು? 1898ರಲ್ಲಿ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮುಂದಾಳುತನದಲ್ಲಿ ಊರಿನ ಬಹುಭಾಗ ಜನರಿಗೆ ಸೂಜಿ ಹಾಕಲಾಯಿತು. ಅಷ್ಟು ದೊಡ್ಡ ಪಟ್ಟಣದಲ್ಲಿ ಅಷ್ಟು ಜನರಿಗೆ ಆ ಲಸಿಕೆಯನ್ನು ಕೊಟ್ಟದ್ದು ಆ ಕಾಲಕ್ಕೆ ದೊಡ್ಡ ಸಾಹಸ. ಹಾಫ್‌ಕಿನ್ ತನ್ನ ವಾದಕ್ಕೆ ಹುಬ್ಬಳ್ಳಿಯ ಹೆಸರನ್ನು ಲಂಡನ್ನಿನವರೆಗೂ ಕೊಂಡೊಯ್ದ. ಅದೇ ವರ್ಷದ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ಆ ಭಯ ಎಳೆದ ಗೆರೆಗಳೆಂದು ಅಲ್ಲಿಯ ಹಿರಿಯರು ಹೇಳುವುದುಂಟು.

ಇನ್ನು ಸೂಜಿಯಲ್ಲಿ ಏನಿತ್ತು? ಆಡಿನ ಮಾಂಸದಿಂದ ತೆಗೆದ ಸಾರು. ಅದರ ಮೇಲೆ ತೇಲುವ ನಾಲ್ಕು ಹನಿ ತುಪ್ಪ. ಹೌದು, ನಾವು ರೊಟ್ಟಿಯ ಮೇಲೆ ಹಾಕಿಕೊಳ್ಳುವ ತುಪ್ಪವೇ. ಆ ತುಪ್ಪದ ಬೊಟ್ಟುಗಳಿಗೆ ಪ್ಲೇಗಿನ ರೋಗಾಣುಗಳು ಜೋತುಬಿದ್ದು, ಗವಿಯ ಮಾಡಿನಿಂದ ಇಳಿಯುವ ಸುಣ್ಣದ ಕೋಲುಗಳಂತೆ ಸಾರಿನೊಳಕ್ಕೆ ಇಳಿಬಿದ್ದು ಬೆಳೆಯುತ್ತಿದ್ದವು. ಆಗಾಗ ಸೀಸೆ ಅಲ್ಲಾಡಿಸಿ ಅವನ್ನು ಕೆಳಗೆ ಬೀಳಿಸುವುದು, ಮತ್ತೆ ಬೆಳೆಸುವುದು. ಹೀಗೆ ಐದಾರು ವಾರ. ಅನಂತರ ಒಂದು ಗಂಟೆ ಬಿಸಿ ಮಾಡಿ ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸುವುದು. ಇಲ್ಲಿ ಹಾಫ್‌ಕಿನ್ ತೋರಿದ ಒಂದು ವಿವೇಕವನ್ನು ಗಮನಿಸಬೇಕು. ಸತ್ತ ರೋಗಾಣುಗಳನ್ನು ಸೋಸಿ ತೆಗೆದು, ಅವು ಬೆಳೆದ ಸಾರನ್ನು ಚೆಲ್ಲಿಬಿಡಲು ಅವನು ಒಪ್ಪಲಿಲ್ಲ. ಹುಳದ ಹೆಣವೂ ಬೇಕು, ಅದು ಸಾರಿನಲ್ಲಿ ಬಿಟ್ಟದ್ದೂ ಬೇಕು ಎಂದ. ಏಕೆ ಬೇಕೆಂಬುದು ತಿಳಿಯಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಈಗ ಮುತ್ಯಾನ ಪ್ರಶ್ನೆಗೆ ಬರೋಣ. ಸತ್ತ ಹುಳ ನಮ್ಮನ್ನು ಕಾಯುವುದಿಲ್ಲ. ಕಾಯುವುದು ನಮ್ಮ ಮೈಯೇ. ಸತ್ತದ್ದು ಮಾಡುವ ಕೆಲಸ ಒಂದೇ, ತನ್ನ ಗುರುತು ತೋರಿಸುವುದು. ಗುರುತಿಗೆ ಪ್ರಾಣ ಬೇಕಿಲ್ಲ, ಆಕಾರ ಸಾಕು.

ನಮ್ಮ ರಕ್ತದಲ್ಲಿ ಬಿ-ಜೀವಕೋಶಗಳೆಂಬ ಬಿಳಿಯ ಕಣಗಳಿವೆ. ಒಂದೊಂದು ಕೋಶದ ಮೈಮೇಲೆ ಒಂದೊಂದು ಬಗೆಯ ಅಚ್ಚು. ಯಾವ ರೋಗ ಬರಲಿದೆಯೆಂದು ಅವಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಕೆಲವೇ ವಂಶವಾಹಿ ತುಂಡುಗಳನ್ನು ಇಸ್ಪೀಟಿನೆಲೆಯಂತೆ ಕಲೆಸಿ ಕಲೆಸಿ ಮೈಯು ಕೋಟಿಗಟ್ಟಲೆ ಅಚ್ಚುಗಳನ್ನು ಮೊದಲೇ ಮಾಡಿಟ್ಟುಕೊಂಡಿರುತ್ತದೆ. ಈ ಕಲೆಸುವಿಕೆಯನ್ನು 1976ರಲ್ಲಿ ತೋರಿಸಿಕೊಟ್ಟವನು ಜಪಾನಿನ ಸುಸುಮು ತೊನೆಗಾವ. 1987ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹೊರಗಿನಿಂದ ಬಂದ ಪ್ರೋಟೀನು ಯಾವ ಅಚ್ಚಿಗೆ ಹೊಂದುವುದೋ ಆ ಕೋಶವೊಂದೇ ಎಚ್ಚೆತ್ತು ತನ್ನ ಸಂತಾನವನ್ನು ಬೆಳೆಸುತ್ತದೆ. ಹೀಗೆಂದು 1957ರಲ್ಲಿಯೇ ಊಹಿಸಿದವನು ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್. ಆ ಸಂತಾನವು ತನ್ನ ಅಚ್ಚನ್ನೇ ಬಿಡಿಯಾಗಿ ರಕ್ತಕ್ಕೆ ಸುರಿಯುತ್ತದೆ, ಪ್ರತಿಕಾಯವೆಂದರೆ ಅದೇ. ಕೆಲವು ಕೋಶಗಳು ಮುಂದಿನ ಸಲಕ್ಕೆಂದು ನೆನಪಾಗಿ ಉಳಿಯುತ್ತವೆ. ನಮ್ಮ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆಗೆ ಹಲವು ಚಪ್ಪಾಳೆ ಮರುದನಿಗೊಡುತ್ತವಲ್ಲ, ಹಾಗೆ ಎನ್ನಲು ಮನಸ್ಸಾಗುತ್ತದೆ. ಆದರೆ ಗುಮ್ಮಟದ ಮರುದನಿ ಒಂದರಿಂದೊಂದಕ್ಕೆ ಸೊರಗುತ್ತದೆ. ಇದು ಪ್ರತಿ ಸಲವೂ ಬಲಿಯುತ್ತದೆ. ಉಪಮೆ ಅಲ್ಲಿಗೇ ನಿಲ್ಲಲಿ.

ಬಿ-ಕೋಶ ನೋಡುವುದು ಪ್ರೋಟೀನಿನ ಹೊರಮೈಯ ಮಡಿಕೆಗಳನ್ನು. ಇನ್ನೊಂದು ಜಾತಿಯ ಕಣವಿದೆ, ಟಿ-ಜೀವಕೋಶ. ಅದಕ್ಕೆ ಇಡೀ ಪ್ರೋಟೀನು ಕಣ್ಣಿಗೇ ಬೀಳುವುದಿಲ್ಲ. ಬೇರೊಂದು ಕೋಶವು ರೋಗಾಣುವನ್ನು ನುಂಗಿ, ಅರೆದು, ಹತ್ತಿಪ್ಪತ್ತು ಅಮೈನೋ ಆಮ್ಲಗಳ ಉದ್ದದ ಚೂರು ಮಾಡಿ, ಆ ಚೂರನ್ನು ತನ್ನ ಹೊರಮೈಯ ಒಂದು ತೋಡಿನಲ್ಲಿಟ್ಟು ತೋರಿಸಬೇಕು. ಕಳ್ಳನ ಮೈಮೇಲಿನ ಅರಿವೆಯ ಹರುಕನ್ನು ತಳವಾರನು ಚಾವಡಿಗೆ ತಂದು ಹಿರಿಯರ ಮುಂದಿಟ್ಟ ಹಾಗೆ. ಟಿ-ಕೋಶವು ಚೂರನ್ನಷ್ಟೇ ಅಲ್ಲ, ತಂದು ತೋರಿಸಿದವನು ನಮ್ಮವನೇ ಎಂಬುದನ್ನೂ ನೋಡುತ್ತದೆಂದು 1974ರಲ್ಲಿ ಡೊಹರ್ಟಿ ಮತ್ತು ತ್ಸಿಂಕರ್ನಾಗೆಲ್ ಕಂಡುಕೊಂಡರು. ಆ ತೋಡು ಎಲ್ಲರಲ್ಲಿಯೂ ಒಂದೇ ಆಕಾರದ್ದಲ್ಲ. ನನ್ನ ತೋಡಿನಲ್ಲಿ ನಿಲ್ಲುವ ಚೂರು ನನ್ನ ತಮ್ಮನ ತೋಡಿನಲ್ಲಿ ಜಾರಿ ಬಿದ್ದೀತು. ಆದಕಾರಣ ಲಸಿಕೆ ಮಾಡುವವರು ಒಂದೇ ಚೂರನ್ನು ನಂಬಿ ಕೂರುವಂತಿಲ್ಲ. ಸಾವಿರ ಬಗೆಯ ತೋಡುಗಳಲ್ಲಿ ಒಂದಲ್ಲ ಒಂದು ಚೂರಾದರೂ ಕೂಡುವಂಥ ಪ್ರೋಟೀನನ್ನು ಆರಿಸಬೇಕು.

ಆರಿಸುವುದೆಂದರೆ ಯಾವುದರಿಂದ? 2001ರಲ್ಲಿ ಪ್ಲೇಗಿನ ರೋಗಾಣುವಿನ ವಂಶಲಿಪಿಯನ್ನೆಲ್ಲ ಓದಿ ಮುಗಿಸಿದರು. ಸುಮಾರು 4,000 ಪ್ರೋಟೀನುಗಳ ಬರಹ ಅದರಲ್ಲಿದೆ. ಮೈಯು ಇವುಗಳಲ್ಲಿ ಹಲವನ್ನು ಗುರುತಿಸುತ್ತದೆ. ಆದರೆ ಗುರುತಿಸಿದ್ದೆಲ್ಲವೂ ಕಾಯುವುದಿಲ್ಲ. ರೋಗಾಣುವಿನ ಹೊಟ್ಟೆಯೊಳಗಿನ ಪ್ರೋಟೀನಿಗೆ ಎಷ್ಟು ಪ್ರತಿಕಾಯ ಹುಟ್ಟಿದರೇನು, ಹೊರಗೆ ತಿರುಗುವ ಪ್ರತಿಕಾಯ ಅದನ್ನು ಮುಟ್ಟುವುದೆಂತು? ಮನೆಯೊಳಗೆ ಹೂತಿಟ್ಟ ಕೊಪ್ಪರಿಗೆಯ ಗುರುತು ಹೇಳಿದರೆ ಬೀದಿಯಲ್ಲಿ ಓಡುವ ಕಳ್ಳ ಸಿಕ್ಕುವುದಿಲ್ಲ.

ಪ್ಲೇಗಿನ ರೋಗಾಣುವಿನ ಕಪಟವನ್ನು ತಿಳಿದಾಗ ನನಗೆ ಭಯಕ್ಕಿಂತ ಬೆರಗೇ ಹೆಚ್ಚಾಯಿತು. ಚಿಗಟದ ತಂಪು ಮೈಯಲ್ಲಿರುವಾಗ ಅದರದೊಂದು ವೇಷ. ಮನುಷ್ಯನ ಮೈಯ 37 ಡಿಗ್ರಿಯ ಬಿಸಿ ತಗುಲಿದೊಡನೆ ಇನ್ನೊಂದು. ರೋಗಾಣುಗಳ ಹೊರಪೊರೆಯ ಕೊಬ್ಬು-ಸಕ್ಕರೆಯ ಒಂದು ವಸ್ತುವನ್ನು ಕಂಡೊಡನೆ ಕೂಗೆಬ್ಬಿಸುವ ಹುಟ್ಟುಕಾವಲು ನಮ್ಮಲ್ಲಿದೆ. ಈ ರೋಗಾಣು ತಂಪಿನಲ್ಲಿ ಆ ವಸ್ತುವಿಗೆ ಆರು ಕೊಬ್ಬಿನ ಬಾಲಗಳನ್ನು ಜೋಡಿಸುತ್ತದೆ, ಬಿಸಿಯಲ್ಲಿ ನಾಲ್ಕನ್ನೇ. ನಾಲ್ಕು ಬಾಲದ್ದು ನಮ್ಮ ಕಾವಲಿನ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. 2006ರಲ್ಲಿ ಅಮೆರಿಕದ ಸಂಶೋಧಕರು, ಬಿಸಿಯಲ್ಲಿಯೂ ಆರು ಬಾಲ ಬಿಡಲಾರದಂತೆ ಈ ರೋಗಾಣುವನ್ನು ಮಾರ್ಪಡಿಸಿ ಇಲಿಗಳಿಗೆ ಚುಚ್ಚಿದರು. ಕಾವಲು ಒಡನೆ ಎಚ್ಚೆತ್ತಿತು, ಇಲಿಗಳು ಸಾಯಲಿಲ್ಲ, ಅಷ್ಟೇ ಅಲ್ಲ, ಆ ಬಳಿಕ ನಿಜವಾದ ಪ್ಲೇಗನ್ನೂ ತಡೆದುಕೊಂಡವು. ಎರಡು ಬಾಲಗಳ ಅಂತರ. ಬದುಕಿಗೂ ಸಾವಿಗೂ ನಡುವೆ ಅಷ್ಟೇ.

ಕಾವಲು ಮಲಗಿರುವ ಆ ಹೊತ್ತಿನಲ್ಲಿ ರೋಗಾಣು ಎರಡು ಕೆಲಸ ಮಾಡಿಕೊಳ್ಳುತ್ತದೆ. ಒಂದು, ಮೈತುಂಬ ಒಂದು ಜಾರುಕಂಬಳಿ ಹೊದೆಯುವುದು. ಬಿಳಿಯ ಕಣಗಳು ಅದನ್ನು ನುಂಗಲಾರವು. ಈ ಕಂಬಳಿಯ ಹೆಸರು ಎಫ್-1. ಬಿಸಿಯಲ್ಲಿ ಬೆಳೆದ ರೋಗಾಣುವಿಗೆ ಇಂಥದೊಂದು ಹೊದಿಕೆ ಬರುತ್ತದೆಂದೂ ಲಸಿಕೆಗೆ ಅದೇ ಸಾರವೆಂದೂ 1932ರಲ್ಲಿ ಲಂಡನ್ನಿನ ಶೂಟ್ಸೆ ತೋರಿಸಿದ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇಕರ್, ಮೇಯರ್ ಮೊದಲಾದವರು ಅದನ್ನು ಶುದ್ಧವಾಗಿ ಬೇರ್ಪಡಿಸಿದರು. ಅದು ನೀರಿನಲ್ಲಿ ಕರಗುವ ಪ್ರೋಟೀನು. ರೋಗಾಣುವಿನ ಮೈಯಿಂದ ಕಳಚಿ ಸಾರಿಗೆ ಸೇರುವಂಥದು. ಹಾಫ್‌ಕಿನ್ ಸಾರನ್ನು ಚೆಲ್ಲಬೇಡಿರೆಂದದ್ದರ ಬೆಲೆ ಈಗ ತಿಳಿಯುತ್ತದೆ. ಅವನ ಸೀಸೆಗಳು ಹವೆಯ ಸಹಜ ಉಷ್ಣದಲ್ಲಿ ಬೆಳೆದವುಗಳಾದ್ದರಿಂದ ಅವುಗಳಲ್ಲಿ ಈ ಕಂಬಳಿ ಎಷ್ಟು ತೆಳುವಾಗಿದ್ದಿರಬೇಕೆಂಬುದೂ ತಿಳಿಯುತ್ತದೆ. ಹುಬ್ಬಳ್ಳಿಯ ಸೂಜಿ ಕಾಯ್ದದ್ದು ನಿಜ, ಎಲ್ಲರನ್ನೂ ಕಾಯದಿದ್ದದ್ದೂ ನಿಜ. ಪುಪ್ಪುಸಕ್ಕೆ ಇಳಿದ ಪ್ಲೇಗಿನ ಮುಂದಂತೂ ಇಂಥ ಸತ್ತ ರೋಗಾಣುವಿನ ಲಸಿಕೆಗಳ ಆಟ ನಡೆಯಲಿಲ್ಲ.

ಎಫ್-1ರ ಕಟ್ಟಡವೂ ವಿಚಿತ್ರ. ಒಂದು ತುಣುಕು ತನ್ನ ಒಂದು ಎಳೆಯನ್ನು ಮುಂದಿನ ತುಣುಕಿನ ಬಿರುಕಿಗೆ ತೂರಿಸಿ ಅದನ್ನು ಪೂರ್ತಿಗೊಳಿಸುತ್ತದೆ; ಅದು ತನ್ನ ಮುಂದಿನದನ್ನು. ಹೀಗೆ ಕೈ ಕೈ ಹಿಡಿದ ಉದ್ದನೆಯ ಸರಪಳಿ. ಸರಪಳಿಯನ್ನು ಬಿಡಿಬಿಡಿ ಮಾಡಿ ಚುಚ್ಚಿದರೆ ಇಲಿಯ ಮೈ ಅದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಸರಪಳಿಯಾಗಿಯೇ ಕೊಟ್ಟರೆ ಬಲವಾದ ರಕ್ಷಣೆ ಹುಟ್ಟುತ್ತದೆ. ಇದನ್ನು 1998ರಲ್ಲಿ ಇಂಗ್ಲೆಂಡಿನವರು ತೋರಿಸಿದರು. ವಸ್ತು ಅದೇ, ಅಕ್ಷರಗಳು ಅವೇ. ಆಕಾರ ಕೆಟ್ಟರೆ ಗುರುತೂ ಕೆಟ್ಟಿತು. ಮುತ್ಯಾನಿಗೆ ನಾನು ಹೇಳಬೇಕಾಗಿದ್ದ ಮಾತಿನ ತಿರುಳು ಇಲ್ಲಿದೆ.

ಈ ಸಂಗತಿಗಳನ್ನು ತರಗತಿಯಲ್ಲಿ ಒಮ್ಮೆ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಕಂಬಳೀನೇ ಹೊದೀದ ಬಂದ್ರ?" ನನಗೆ ಮುತ್ಯಾ ಎದ್ದು ನಿಂತಂತಾಯಿತು. ಕಂಬಳಿಯಿಲ್ಲದ ತಳಿಗಳು ನಿಜವಾಗಿಯೂ ಇವೆ; ಕಂಬಳಿಯಿಲ್ಲದೆಯೂ ಅವು ಕೊಲ್ಲಬಲ್ಲವು. ಎಫ್-1ನ್ನು ಮಾತ್ರ ಕಲಿತ ಮೈಗೆ ಅವುಗಳ ಗುರುತು ಹತ್ತುವುದಿಲ್ಲ.

ರೋಗಾಣುವಿನ ಎರಡನೆಯ ಕೆಲಸ ಇಲ್ಲಿ ನಮ್ಮ ಉಪಯೋಗಕ್ಕೆ ಬರುತ್ತದೆ. ಅದು ತನ್ನ ಮೈಯಿಂದ ಅತಿ ಸೂಕ್ಷ್ಮವಾದ ಪೊಳ್ಳು ಸೂಜಿಗಳನ್ನು ಹೊರಚಾಚಿ, ಬಿಳಿಯ ಕಣಗಳಿಗೆ ಚುಚ್ಚಿ, ಅವುಗಳ ಕೈಕಾಲು ಕಟ್ಟುವ ವಿಷವನ್ನು ಇಳಿಸುತ್ತದೆ. ಮನುಷ್ಯ ಸೂಜಿಮದ್ದನ್ನು ಕಂಡುಹಿಡಿಯುವ ಎಷ್ಟೋ ಸಾವಿರ ವರ್ಷ ಮೊದಲೇ ಅದು ಸೂಜಿ ಹಿಡಿದಿತ್ತು! ಆ ಸೂಜಿಯ ಮೊನೆಯ ಮೇಲೆ ಕೂತಿರುವ ಪ್ರೋಟೀನಿಗೆ 'ವಿ' ಎಂದು ಹೆಸರು. ಇಂಗ್ಲೆಂಡಿನ ಬರೋಸ್ ಅದನ್ನು 1956ರಲ್ಲಿಯೇ ಗುರುತಿಸಿದ್ದ. ಅದು ಕೂತಿರುವುದು ಮೊನೆಯಲ್ಲಿಯೇ ಎಂಬುದು ಕಣ್ಣಿಗೆ ಬಿದ್ದದ್ದು ಮಾತ್ರ 2005ರಲ್ಲಿ. ಪ್ರತಿಕಾಯವು ವಿ-ಯನ್ನು ಹಿಡಿದುಕೊಂಡರೆ ಸೂಜಿ ಚುಚ್ಚದು; ಬಿಳಿಯ ಕಣಗಳು ತಮ್ಮ ಕೆಲಸ ಮಾಡುತ್ತವೆ. ಕಂಬಳಿಯನ್ನು ಬಿಟ್ಟು ಬದುಕಬಹುದು. ಸೂಜಿಯನ್ನು ಬಿಟ್ಟರೆ ರೋಗಾಣುವಿನ ಕೊಲ್ಲುವ ಶಕ್ತಿಯೇ ಹೋಗುತ್ತದೆ. 1998ರಲ್ಲಿ ಅಮೆರಿಕದ ಸೇನಾ ಪ್ರಯೋಗಶಾಲೆಯವರು ಎಫ್-1 ಮತ್ತು ವಿ ಎರಡನ್ನೂ ಒಂದೇ ಪ್ರೋಟೀನಾಗಿ ಬೆಸೆದು ಇಲಿಗಳಿಗೆ ಕೊಟ್ಟಾಗ, ಕಂಬಳಿ ಹೊದ್ದದ್ದೂ ಹೊದೆಯದ್ದೂ ಎರಡೂ ಸೋತವು. ನಮ್ಮ ದೇಶದಲ್ಲಿಯೂ ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದವರು ಈ ಎರಡಕ್ಕೆ ಮೂರನೆಯ ಪ್ರೋಟೀನೊಂದನ್ನು ಬೆಸೆದು ಟಿ-ಕೋಶಗಳನ್ನು ಇನ್ನಷ್ಟು ಎಚ್ಚರಿಸಲು ಪ್ರಯತ್ನಿಸಿದ್ದಾರೆ.

ಹುಡುಗಿ ಕೂತುಕೊಂಡಳು. ಆದರೆ ನಾನು ಅವಳಿಗೆ ಪೂರ್ತಿ ಹೇಳಿರಲಿಲ್ಲ. ಈ ಬೆಸುಗೆಯ ಲಸಿಕೆ ಒಂದು ಜಾತಿಯ ಕೋತಿಗಳನ್ನು ಚೆನ್ನಾಗಿ ಕಾಯ್ದಿತು. ಆಫ್ರಿಕದ ಹಸಿರು ಕೋತಿಗಳನ್ನು ಹಾಗೆ ಕಾಯಲಿಲ್ಲ. ಎರಡರ ರಕ್ತದಲ್ಲಿಯೂ ಪ್ರತಿಕಾಯ ಹುಟ್ಟಿತ್ತು. ಗುರುತು ಹಿಡಿದರೂ ಕಾಯಲಾಗದ್ದು ಏಕೆ? ಪ್ರತಿಕಾಯದ ಮೊತ್ತವೊಂದೇ ಸಾಲದು, ಅದು ಪ್ರೋಟೀನಿನ ಯಾವ ಮೂಲೆಯನ್ನು ಹಿಡಿಯಿತು, ಟಿ-ಕೋಶಗಳು ಜೊತೆಗೆ ಬಂದವೇ, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ ಎನ್ನುತ್ತಾರೆ ಬಲ್ಲವರು. ಮನುಷ್ಯ ಯಾವ ಕೋತಿಯ ಪಂಕ್ತಿಯಲ್ಲಿ ನಿಲ್ಲುತ್ತಾನೆ? ಅವನಿಗೆ ಬೇಕೆಂದು ಪ್ಲೇಗು ಹತ್ತಿಸಿ ನೋಡುವಂತಿಲ್ಲ. 2021ರಲ್ಲಿ ಆಕ್ಸ್‌ಫರ್ಡಿನವರು ಇನ್ನೊಂದು ಬಗೆಯ ಪ್ಲೇಗು ಲಸಿಕೆಯನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಆರಂಭಿಸಿದರು. ಅಂಥ ಪರೀಕ್ಷೆಯೂ ಮೊದಲು ನೋಡುವುದು ನಿರಪಾಯವೇ, ರಕ್ತದಲ್ಲಿ ಗುರುತು ಮೂಡಿತೇ ಎಂಬುದನ್ನು.

ಪ್ಲೇಗು ಈಗ ಎಲ್ಲಿದೆ ಎಂದು ಕೇಳುವವರುಂಟು. 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲ ಕಡೆ ಕಾಣಿಸಿಕೊಂಡ ಬಳಿಕ ದೇಶದಲ್ಲಿ ಇಪ್ಪತ್ತೆಂಟು ವರ್ಷ ಅದರ ಸುದ್ದಿಯಿರಲಿಲ್ಲ. 1994ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ, ಸೂರತಿನಲ್ಲಿ ತಲೆಯೆತ್ತಿತು. 2017ರಲ್ಲಿ ಮಡಗಾಸ್ಕರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿಯಿತು. ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳಿವೆ, ಹೊತ್ತಿಗೆ ಸಿಕ್ಕರೆ ಪ್ರಾಣ ಉಳಿಯುತ್ತದೆ. ರೋಗಾಣು ಕಾಡುಇಲಿಗಳ ಬಿಲಗಳಲ್ಲಿ ತನ್ನ ಪಾಡಿಗೆ ತಾನಿದೆ.

ಸೂಜಿಯ ಕಥೆಯಲ್ಲಿ ಇನ್ನೊಂದು ಅಧ್ಯಾಯವಿದೆ. ಅದನ್ನು ಮರೆಮಾಚಿದರೆ ಮುತ್ಯಾನ ತಂದೆಗೆ ಅನ್ಯಾಯವಾದೀತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲಕೋವಾಲ ಎಂಬ ಹಳ್ಳಿಯಲ್ಲಿ 107 ಮಂದಿಗೆ ಸೂಜಿ ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತೂ ಒಂದೇ ಸೀಸೆಯವು. ದೋಷವೆಲ್ಲ ಹಾಫ್‌ಕಿನ್ನನ ಪ್ರಯೋಗಶಾಲೆಯದೆಂದು ಅವನನ್ನು ಕೆಲಸದಿಂದ ದೂರವಿಟ್ಟರು. ಸೀಸೆಯ ಬಿರಡೆ ತೆಗೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಿದ್ದರು ಎಂಬುದು ಹೊರಬಿದ್ದು, ರೊನಾಲ್ಡ್ ರಾಸ್ ಮೊದಲಾದವರು ಲಂಡನ್ನಿನ ಪತ್ರಿಕೆಯಲ್ಲಿ ಬರೆದು ಕೂಗಾಡಿ, ಅವನ ಮೇಲಿನ ಕಳಂಕ ಹೋಗುವಾಗ 1907 ಆಗಿತ್ತು. 1925ರಲ್ಲಿ ಮುಂಬಯಿ ಪರೇಲಿನ ಆ ಪ್ರಯೋಗಶಾಲೆಗೆ ಅವನ ಹೆಸರನ್ನೇ ಇಟ್ಟರು. ಆದರೆ ಮಲಕೋವಾಲದ ಸುದ್ದಿ ಆ ಐದು ವರ್ಷಗಳಲ್ಲಿ ಎಷ್ಟು ಹಳ್ಳಿಗಳ ಚಾವಡಿಗಳನ್ನು ಮುಟ್ಟಿತೋ! ಮುತ್ಯಾನ ತಂದೆ ಸೂಜಿಯನ್ನು ಬೇಡವೆಂದದ್ದು ಬರೀ ಮೌಢ್ಯದಿಂದ ಎಂದು ನಾನು ಬಹುಕಾಲ ನಂಬಿದ್ದೆ. ಈಗ ಹಾಗೆ ಹೇಳುವ ಧೈರ್ಯ ನನಗಿಲ್ಲ. ಅವನ ಕಿವಿಗೆ ಬಿದ್ದ ಸುದ್ದಿಯೇನು ಎಂಬುದನ್ನು ನಾನು ಮುತ್ಯಾನನ್ನು ಕೇಳಲಿಲ್ಲ. ಕೇಳಬೇಕೆಂದು ಹೊಳೆದಾಗ ಮುತ್ಯಾ ಇರಲಿಲ್ಲ.

ಕಾಕಾನ ವಿಷಯದಲ್ಲಿ ಒಂದು ಮಾತು ಉಳಿಯಿತು. ಜನ ಅವನನ್ನು ಸೇರಿಸದೆ ಇದ್ದರಲ್ಲ, ಆಗ ಅವನು ಬೇವಿನ ಮರದ ಆಚೆಗೆ ಒಬ್ಬನೇ ಬೇರೆ ಗುಡಿಸಲು ಹಾಕಿಕೊಂಡಿದ್ದನಂತೆ. ಅಣ್ಣನಿಗೆ ಜ್ವರ ಬಂದ ರಾತ್ರಿ, ಯಾರೂ ಹತ್ತಿರ ಹೋಗಲೊಲ್ಲದಾಗ, ನೀರು ಕುಡಿಸಲು ಒಳಗೆ ಹೋದವನು ಅವನೊಬ್ಬನೇ. ಮೂರು ಕಲ್ಲಿನ ಒಲೆಯ ಮೇಲೆ ಅಂಬಲಿ ಕಾಸಿದವನೂ ಅವನೇ. "ನನಗ ಏನೂ ಆಗಂಗಿಲ್ಲ, ನನ್ನ ಮೈಗೆ ಅದರ ಗುರುತು ಐತಿ" ಎಂದನಂತೆ. ಈ ಮಾತನ್ನು ಮುತ್ಯಾ ನನಗೆ ಆ ಸಂಜೆಯೇ ಹೇಳಿದ್ದ. ನಾನು ಆಗ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.